ಸೈಲೆನ್ಸರಿಗೆ ಬಿದ್ದ ಊದ್ ಎಣ್ಣೆ

ರೈಫಲ್ಲಿನ ಸೈಲೆನ್ಸರ್ ಕೊಳ್ಳುವವರು ಅದನ್ನು ತೊಳೆಯುವವನ ಮಾತು ಕೇಳಿದ್ದುಂಟಾ? ಕುವೈತಿನ ಶೂಟಿಂಗ್ ಕ್ಲಬ್ಬೊಂದರಲ್ಲಿ ಬಂದೂಕು ನೋಡಿಕೊಳ್ಳುವ ಕೆಲಸ ನನ್ನದು. ಅವತ್ತು ನಮ್ಮ ಮ್ಯಾನೇಜರು ಎರಡು ಸ್ಯಾಂಪಲ್‌ಗಳಲ್ಲಿ ಒಂದನ್ನು ಆರಿಸುವವರಿದ್ದರು. ಸ್ಟೀಲಿನದ್ದು ಭಾರ, ಆದರೆ ಬಿಚ್ಚಿ ತೊಳೆಯಬಹುದು, ವರ್ಷಗಟ್ಟಲೆ ಬಾಳುತ್ತದೆ. ಇನ್ನೊಂದು ಹಗುರ, ಆದರೆ ಬಿಚ್ಚಲು ಬರುವುದಿಲ್ಲ, ಒಳಗೆ ಮಸಿ ಕೂತರೆ ಕೂತದ್ದೇ.

"ಸ್ಟೀಲಿನದ್ದೇ ತೆಗೆಸಿ" ಅಂತ ಸೂಪರ್‌ವೈಸರ್ ಬು ಸಾಲೆಂಗೆ ನಾನು ಬೆಳಗ್ಗಿನಿಂದ ಹೇಳಿದ್ದೇ ಹೇಳಿದ್ದು. ಆ ಮನುಷ್ಯ, ಟೆಸ್ಟ್ ಮಾಡಿಟ್ಟಿದ್ದ ಹಗುರದ್ದನ್ನು ಮೂಸಿ ಮುಖ ಸಿಂಡರಿಸಿದ.

"ಮದ್ದಿನ ನಾತ! ಇದನ್ನು ದೊಡ್ಡವರ ಕೈಗೆ ಕೊಡುವುದಾ? ಐಬ್, ನಾಚಿಕೆಗೇಡು!"

ಮನೆಗೆ ಬಂದವರಿಗೆ ಸುಗಂಧ ಹಚ್ಚದೆ ಕಳಿಸದ ಜಾತಿ ಅವನದು. ಜೇಬಿನಿಂದ ಅತ್ತರಿನಂಥ ಊದ್ ಎಣ್ಣೆಯ ಕುಪ್ಪಿ ತೆಗೆದು ಸೈಲೆನ್ಸರಿನ ಒಳಕ್ಕೇ ಸುರಿದುಬಿಟ್ಟ!

"ಅಯ್ಯೋ, ಎಣ್ಣೆ ಸುಟ್ಟು ಹೊಗೆ ಬರ್ತದೆ!" ಅಂದೆ.

"ಮಾಫಿ ಮುಷ್ಕಿಲ್, ಏನೂ ಆಗಲ್ಲ" ಅಂದ.

ಮ್ಯಾನೇಜರು ಸ್ಟೀಲಿನದ್ದು ಹಾಕಿ ಗುಂಡು ಹೊಡೆದು "ಭಾರ" ಅಂದರು. ಹಗುರದ್ದು ಹಾಕಿ ಹೊಡೆದ ಕೂಡಲೇ ಬಿಳಿ ಹೊಗೆ ಭುಸ್ಸೆಂದು ಅವರ ಮುಖಕ್ಕೇ ನುಗ್ಗಿತು. ಇದರ ಕತೆ ಖಲಾಸ್ ಅಂತ ನನಗೆ ಒಳಗೊಳಗೇ ಖುಷಿ. ಅವರೋ, ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡರು.

"ಮಾಶಾಲ್ಲಾ! ಇದೇ ಇರಲಿ."

ಈಗ ಬು ಸಾಲೆಂ ಪ್ರತಿ ಸೈಲೆನ್ಸರಿಗೂ ಎಣ್ಣೆ ಬಿಡುತ್ತಾನೆ, ಬಿಚ್ಚಲು ಬಾರದ್ದನ್ನು ಉಜ್ಜಲು ನಾನು ಒದ್ದಾಡುತ್ತೇನೆ. ಮೊನ್ನೆ ಸುಸ್ತಾಗಿ ಮಹಬೂಲಾದ ಫ್ಲ್ಯಾಟಿಗೆ ಬಂದರೆ, ಹೆಂಡತಿ ಅಂಗಿ ಮೂಸಿ ಕೇಳಿದಳು:

"ಕೆಲಸಕ್ಕೆ ಚಕ್ಕರ್ ಹಾಕಿ ಯಾರ ಮದುವೆಗೆ ಹೋಗಿದ್ರಿ?"