ನನ್ನ ಮೂಗಿನ ಮೇಲಿನ ಸೆರಗು

ಕೇಶ್ವಾಪುರದ ನಮ್ಮ ಓಣಿಯಲ್ಲಿ ನನ್ನಷ್ಟು ನಾಚಿಕೆಯ ಸೊಸೆ ಇನ್ನೊಬ್ಬಳಿರಲಿಲ್ಲವಂತೆ. ಸುಳ್ಳ ಗ್ರಾಮದ ಒಕ್ಕಲು ಮನೆಯಿಂದ ಮದುವೆಯಾಗಿ ಬಂದ ನಾನು, ಗಂಡ ಎದುರಿಗೆ ನಿಂತರೆ ಸಾಕು, ಸೆರಗನ್ನು ಮೂಗಿನ ಮೇಲೆ ಎಳೆದುಕೊಂಡು ಗೋಡೆಯ ಕಡೆಗೆ ತಿರುಗುತ್ತಿದ್ದೆ. ನೆರೆಯ ಹೆಂಗಸರು ತಮ್ಮ ಸೊಸೆಯರಿಗೆ ನನ್ನನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು. ಪುಕ್ಕಟೆ ಬಂದ ಒಳ್ಳೆಯ ಹೆಸರನ್ನು ಬೇಡವೆನ್ನಲು ನನಗೇನು ಹುಚ್ಚೇ? ಖರೆ ಸಂಗತಿಯೆಂದರೆ, ನಮ್ಮವರ ಬಾಯಿ ನಾರುತ್ತಿತ್ತು.

ಅವರು ಮುಂಬಯಿ ಸರಕಾರದ ಕನ್ನಡ ಶಾಲೆಯಲ್ಲಿ ಮಾಸ್ತರರು. ಮಕ್ಕಳಿಗೆ ಹಲ್ಲು ತಿಕ್ಕುವ ಪಾಠವನ್ನು ಬೇಕಾದ್ದಕ್ಕಿಂತ ಹೆಚ್ಚೇ ಹೇಳುತ್ತಿದ್ದರು. ಪಾಠ ಶುರುವಾದರೆ ಮುಂದೆ ಕೂತ ಹುಡುಗರು ಗೋಡೆಯ ತನಕ ಹಿಂದೆ ಸರಿಯುತ್ತಿದ್ದರಂತೆ. ಅದು ತಮ್ಮ ಶಿಸ್ತಿನ ಭಯವೆಂದು ಊಟಕ್ಕೆ ಕೂತಾಗ ನಮಗೆ ಹೆಮ್ಮೆಯಿಂದ ಹೇಳುತ್ತಿದ್ದರು. ತಾವು ಮಾತ್ರ ಕನ್ನಡಿಯಲ್ಲಿ ಕಾಣುವ ಎಂಟು ಹಲ್ಲುಗಳನ್ನು ಬೇವಿನ ಕಡ್ಡಿಯಿಂದ ಫಳಫಳ ತಿಕ್ಕಿ, ಕಾಣದ ದವಡೆಯನ್ನು ದೇವರಿಗೆ ಬಿಟ್ಟಿದ್ದರು. ನಾಲಿಗೆಯ ಮೇಲೆ ಹಾಲಿನ ಕೆನೆಯಂಥ ಪದರ. ರೊಟ್ಟಿಯ ಜೊತೆ ಹಸಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಚಟ್ನಿ. ಅದರ ಮೇಲೆ ಒಂದು ಏಲಕ್ಕಿ. ಏಲಕ್ಕಿ ಬಾಯಿಗೆ ಬಿದ್ದರೆ ಎಲ್ಲ ಶುದ್ಧವಾಯಿತೆಂದು ಅವರ ನಂಬಿಕೆ.

ಎರಡು ವರ್ಷಕ್ಕೆ ನನ್ನ ನಾಚಿಕೆ ಅತ್ತೆಗೂ ಸಾಕಾಯಿತು. ಮೊಮ್ಮಗನ ಸುದ್ದಿಯೇ ಇರಲಿಲ್ಲವಲ್ಲ.

"ಇದು ನಾಚಿಕಿ ಅಲ್ಲ. ನನ್ನ ಮಗನ ಮಾರಿ ನೋಡಾಕ ಇಕಿಗೆ ಮನಸಿಲ್ಲ," ಎಂದರು. "ಸೋಮವಾರಕ್ಕ ಚಕ್ಕಡಿ ಹೇಳೇನಿ. ತವರಾಗ ಇರ್ಲಿ. ನಾವು ಬ್ಯಾರೆ ಹೆಣ್ಣು ನೋಡತೇವಿ."

ನಮ್ಮವರು ತಲೆ ತಗ್ಗಿಸಿ ಏಲಕ್ಕಿ ಸುಲಿಯುತ್ತ ಕೂತರು. ಟ್ರಂಕು ಹಿಡಿದು ಅಪ್ಪನ ಅಂಗಳದಲ್ಲಿ ನಿಂತಾಗ, ಏನು ತಪ್ಪು ಮಾಡಿದೆ ಎಂದು ಕೇಳಿದವರಿಗೆ ನಾನೇನು ಹೇಳಲಿ? ರವಿವಾರ ಮುಂಜಾನೆ ಅವರು ಅಂಗಿ ತೊಡುತ್ತಿದ್ದಾಗ ಧೈರ್ಯ ಮಾಡಿ ಒಳಗೆ ಹೋದೆ.

"ನಿಮ್ಮ ಮ್ಯಾಲ ನನಗೇನೂ ಬ್ಯಾಸರಿಲ್ರಿ," ಎಂದೆ. "ನಿಮ್ಮ ಬಾಯಿ ನಾರತೈತ್ರಿ."

ಮಾಸ್ತರರು ಅಂಗಿಯ ಇನ್ನೊಂದು ತೋಳು ತೊಡುವುದನ್ನೇ ಮರೆತರು. "ಏಲಕ್ಕಿ ತಿಂತೀನಲ್ಲ?"

"ಏಲಕ್ಕಿ ವಾಸನಿನೂ ಬರತೈತ್ರಿ, ಅದೂ ಬರತೈತ್ರಿ."

ಅವರು ಆ ತೋಳನ್ನೂ ತೊಟ್ಟು ನೇರ ಹುಬ್ಬಳ್ಳಿಯ ಪೇಟೆಗೆ ಹೋದರು. ಅಲ್ಲಿ ಇಕ್ಕಳ ಇಟ್ಟುಕೊಂಡು ಹಲ್ಲು ಕೀಳುವ ಮುದುಕ ಸಾಬರೊಬ್ಬರಿದ್ದರು. ಅವರು ಬಾಯೊಳಗೆ ಬಗ್ಗಿ ನೋಡಿ ಹೇಳಿದ್ದನ್ನು ನಮ್ಮವರೇ ಮುಂದೆ ನನಗೆ ಹೇಳಿದರು: "ಮಾಸ್ತರ್ರ, ಈ ದವಡಿ ಹಲ್ಲು ಪೂರಾ ಕೊಳೆತೈತಿ. ಇದನ್ನ ನಾ ಕೀಳತೇನಿ. ನಾಲಿಗಿ ಮಾತ್ರ ದಿನಾ ನೀವ ಕೆರ್ಕೋಬೇಕ್ರಿ. ಉಂಡ ಕೂಡ್ಲೆ ಬಾಯಿ ಮುಕ್ಕಳಿಸ್ರಿ. ಏಲಕ್ಕಿ ಪಾಯಸಕ್ಕ ಇಡ್ರಿ."

ಸೋಮವಾರ ಚಕ್ಕಡಿ ಬಂದು ನಿಂತಿತು. ಅತ್ತೆ ನನ್ನ ಟ್ರಂಕನ್ನು ತಾವೇ ಹೊಸ್ತಿಲಿಗೆ ತಂದಿಟ್ಟರು. ಅಷ್ಟು ಉಪಕಾರ ಅವರು ಹಿಂದೆಂದೂ ಮಾಡಿರಲಿಲ್ಲ. ನಮ್ಮವರು ಹೊರಗೆ ಬಂದರು. ಗಲ್ಲ ಬಾತಿತ್ತು, ಬಾಯಿ ತುಂಬ ಅರಳೆ ತುರುಕಿತ್ತು. ಮಾತಾಡಲು ಬರುವಂತಿರಲಿಲ್ಲ. ಸುಮ್ಮನೆ ಟ್ರಂಕನ್ನು ಎತ್ತಿಕೊಂಡು ಒಳಗೆ ಹೋದರು. ನಾನು ಒಲೆಯ ಮುಂದೆ ಕೂತು ಸಾಕಾಗುವಷ್ಟು ಕಣ್ಣೀರು ಹಾಕಿದೆ.

ವಾರ ಕಳೆದ ಮೇಲೆ ಅವರು ಪಡಸಾಲೆಯಲ್ಲಿ ಹತ್ತಿರ ಬಂದು ನಿಂತು, "ಈಗ?" ಎಂದರು. ನಾನು ಸೆರಗು ಇಳಿಸಿ ಅವರ ಮುಖ ನೋಡಿದೆ. ಬಾಗಿಲಲ್ಲಿ ನಿಂತ ನೆರೆಯಾಕೆ ಅದನ್ನು ಕಂಡಳು. ಮಾಸ್ತರನ ಹೆಂಡತಿ ನಾಚಿಕೆ ಬಿಟ್ಟಳೆಂದು ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು.

ಮರುದಿನ, ಮಗನಿಂದ ಎಲ್ಲ ಸಂಗತಿ ತಿಳಿದ ಅತ್ತೆ ನನ್ನನ್ನು ಹಿತ್ತಲಿಗೆ ಕರೆದರು. ಅವರು ಹಲ್ಲಿಗೆ ತಿಕ್ಕುತ್ತಿದ್ದ ಮಿಶ್ರಿಯ, ಅಂದರೆ ಸುಟ್ಟ ತಂಬಾಕಿನ ಪುಡಿಯ, ಡಬ್ಬಿ ಉಡಿಯಲ್ಲಿತ್ತು.

"ಖರೇ ಹೇಳು," ಎಂದರು, ಮೆಲ್ಲಗೆ. "ನಂದೂ ಹಂಗ ಐತೇನು?"

"ಹೂನ್ರಿ ಅತ್ತಿ. ಮಿಶ್ರಿ ಬಿಟ್ರ ಕಡಿಮಿ ಆಗತೈತ್ರಿ."

ಮಿಶ್ರಿಯನ್ನು ಅವರು ಸಾಯುವ ತನಕ ಬಿಡಲಿಲ್ಲ. ಆದರೆ ಅಂದಿನಿಂದ ನನ್ನೊಡನೆ ಮಾತಾಡುವಾಗಲೆಲ್ಲ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಸೊಸೆಗೂ ಇಷ್ಟೊಂದು ಮರ್ಯಾದೆ ಕೊಡುವ ಅತ್ತೆ ಈ ಊರಲ್ಲೇ ಇಲ್ಲವೆಂದು ಓಣಿಯ ಹೆಂಗಸರು ಹೊಗಳತೊಡಗಿದರು.