ಕಪ್ಪು ಕನ್ನಡಕದ ಅಪರಿಚಿತ

ಆ ಚಿತ್ರವನ್ನು ಬರೆಸಿದವನು ನಾನೇ. ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿತ್ತು. ಎಂ.ಎ. ಓದಿ, ಮೂರು ಊರುಗಳಲ್ಲಿ ನಾಲ್ಕು ಕೆಲಸ ಬಿಟ್ಟು, ಮತ್ತೆ ಚಳ್ಳಕೆರೆಗೆ ಬಂದು ಒಂದು ಸಣ್ಣ ಸಂಸ್ಥೆ ಸೇರಿದ್ದೆ. ಮಕ್ಕಳನ್ನು ಕೆಟ್ಟದಾಗಿ ಮುಟ್ಟುವವರ ಬಗ್ಗೆ ಸುತ್ತಲ ಶಾಲೆಗಳಲ್ಲಿ ತಿಳಿಹೇಳುವುದು ನನ್ನ ಪಾಲಿಗೆ ಬಂದ ಕೆಲಸ. ಅದಕ್ಕೆಂದು ಬಟ್ಟೆಯ ಮೇಲೆ ಆರು ಚಿತ್ರ ಬರೆಸಿದ್ದೆ. ಮೂರನೆಯದರಲ್ಲಿ ಮೊದಲು ಒಂದು ಮನೆಯ ಜಗಲಿ ಇತ್ತು. ಜಗಲಿಯ ಮೇಲೆ ಪಂಚೆಯುಟ್ಟ ಒಬ್ಬ ನೆಂಟ, ಪಕ್ಕದಲ್ಲಿ ಮುದುಡಿ ಕೂತ ಹುಡುಗಿ.

ಒಬ್ಬ ಹೆಡ್‌ಮಾಸ್ಟರು ಅದನ್ನು ನೋಡಿ ಕನ್ನಡಕ ತೆಗೆದರು. "ಸಾರ್, ನೆಂಟ್ರನ್ನ ಯಾಕ್ ಎಳೀತೀರಿ ಇದ್ರಾಗೆ? ನಾಳೆ ಊರಿನೋರು ನನ್ನ ಕೇಳ್ತಾರೆ."

ನಾನು ವಾದಿಸಲಿಲ್ಲ. ಎಲ್ಲದಕ್ಕೂ ವಾದಿಸುವ ನಾನು ಇದಕ್ಕೆ ವಾದಿಸಲಿಲ್ಲ. ಜಗಲಿ ಅಳಿಸಿ ಬಸ್‌ಸ್ಟ್ಯಾಂಡ್ ಬರೆಸಿದೆ. ನೆಂಟನ ಜಾಗಕ್ಕೆ ಕಪ್ಪು ಕನ್ನಡಕ ಹಾಕಿಕೊಂಡು ಪೆಪ್ಪರ್‌ಮೆಂಟು ಹಿಡಿದ ಒಬ್ಬ ಅಪರಿಚಿತ ಬಂದ. ಹೆಡ್‌ಮಾಸ್ಟರಿಗೆ ಸಮಾಧಾನವಾಯಿತು. ನನಗೂ ಆಯಿತು. ಆ ಅಪರಿಚಿತನನ್ನು ಎಷ್ಟೋ ಶಾಲೆಗಳಲ್ಲಿ ತೋರಿಸಿ, ಇಂಥವರ ಹತ್ತಿರ ಹೋಗಬೇಡಿ ಎಂದು ಹೇಳಿ ಬಂದೆ.

ಬೇಸಿಗೆ ರಜೆ ಶುರುವಾದಾಗ ತಂಗಿ ತನ್ನ ಎಂಟು ವರ್ಷದ ಮಗಳನ್ನು ಕರೆದುಕೊಂಡು ಬಂದಳು. ತಂಗಿಗೆ ಅಂಗನವಾಡಿಯಲ್ಲಿ ಕೆಲಸ. ಮಗಳನ್ನು ಒಂದು ತಿಂಗಳು ಅವ್ವನ ಹತ್ತಿರ ಬಿಟ್ಟುಹೋಗುವುದೆಂದು ಮಾತಾಗಿತ್ತು. ನಡುಮನೆಯಲ್ಲಿ ಬಿಚ್ಚಿಟ್ಟಿದ್ದ ಚಿತ್ರಗಳನ್ನು ತಂಗಿ ಒಂದೊಂದಾಗಿ ನೋಡಿದಳು.

"ಯಾರಣ್ಣ ಇವನು?"

"ಯಾರೋ. ಗುರುತಿಲ್ಲದೋನು."

"ಸರಿ ಬಿಡು. ನಾನಂತೂ ಇಂಥೋನ್ನ ಯಾವತ್ತೂ ನೋಡಿಲ್ಲ," ಎಂದು ಬಟ್ಟೆಯನ್ನು ಸುತ್ತಿಟ್ಟಳು.

ಅವಳು ಏನನ್ನು ಹೇಳುತ್ತಿದ್ದಾಳೆಂದು ನನಗೆ ತಿಳಿಯಿತು. ತಿಳಿಯದವನಂತೆ ಪೇಪರ್ ಓದಿದೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಅವಳಿಗೆ ಒಂಬತ್ತು, ನನಗೆ ಹತ್ತೊಂಬತ್ತು. ಅವ್ವನ ಚಿಕ್ಕಪ್ಪನ ಮಗ, ನಮಗೆ ಮಾವ, ಮೊಳಕಾಲ್ಮೂರಿನಲ್ಲಿ ಮೂರು ಮಗ್ಗ ಇಟ್ಟಿದ್ದ. ರಜೆಯಲ್ಲಿ ನೆಂಟರ ಮಕ್ಕಳು ಅಲ್ಲಿಗೆ ಹೋಗಿ, ಲಾಳಿಗೆ ಹಾಕುವ ಕಂಡಿಕೆಗಳಿಗೆ ರೇಷ್ಮೆ ಎಳೆ ಸುತ್ತಿಕೊಡುತ್ತಿದ್ದರು. ಆ ವರ್ಷ ತಂಗಿ ಹೋಗುವುದಿಲ್ಲವೆಂದು ಹಟ ಹಿಡಿದಳು.

"ಮಾವ ಸುಮ್ನಿರಲ್ಲವ್ವ. ಮೈ ಮುಟ್ತಾನೆ."

ಅವ್ವ ಒಲೆಯ ಮುಂದಿದ್ದಳು. "ಮಾವ ಅಲ್ಲೇನೇ? ಮಾವ ಕಾಡಿಸ್ದೆ ಇನ್ಯಾರು ಕಾಡಿಸ್ತಾರೆ?"

"ತಾಳಿ ಮಾಡಿಸಿ ಇಟ್ಕೊಂಡಿದಾನಂತೆ ಕಣೇ ನಿಂಗೆ," ಎಂದು ನಾನೂ ಸೇರಿಸಿದೆ. ಇಬ್ಬರೂ ನಕ್ಕೆವು.

ನಮ್ಮ ಕಡೆ ಮಾವನಾದವನಿಗೆ ಈ ಸಲಿಗೆ ಇದೆ. ಅಕ್ಕನ ಅಥವಾ ತಂಗಿಯ ಮಗಳ ಜಡೆ ಎಳೆಯಬಹುದು, ನನ್ನ ಕಟ್ಟಿಕೊಳ್ಳುತ್ತೀಯಾ ಎಂದು ಕೇಳಬಹುದು, ಅವಳು ಅಳುವವರೆಗೂ ಕಾಡಿಸಬಹುದು. ಅತ್ತರೆ ಎಲ್ಲರೂ ನಗುತ್ತಾರೆ. ಮಾವನ ಮೇಲೆ ದೂರು ಹೇಳುವ ಹುಡುಗಿಯ ಮಾತು ಆ ನಗುವಿನಲ್ಲೇ ಮುಗಿದುಹೋಗುತ್ತದೆ.

ಅವಳು ನಿಜಕ್ಕೂ "ಮೈ ಮುಟ್ತಾನೆ" ಎಂದಳೇ, ಅಥವಾ ಬರೀ "ಕಾಡಿಸ್ತಾನೆ" ಎಂದಳೇ? ಅದು ಬೇಸಿಗೆಯೋ ದಸರೆಯೋ? ನೆನಪು ಪ್ರತಿ ಸಲವೂ ಹೊಸದಾಗಿ ಕಟ್ಟಿಕೊಳ್ಳುವ ಕಥೆ ಎಂದು ವಿಶ್ವವಿದ್ಯಾಲಯದಲ್ಲಿ ಕಲಿತಿದ್ದೆ. ಆ ಕಲಿಕೆ ಇಷ್ಟು ವರ್ಷ ನನಗೆ ಬಹಳ ಅನುಕೂಲವಾಗಿತ್ತು. ಅನುಮಾನವೇ ಇಲ್ಲದ್ದು ಒಂದೇ. ಅವಳನ್ನು ಮೊಳಕಾಲ್ಮೂರಿಗೆ ಕರೆದುಕೊಂಡು ಹೋದವನು ನಾನು. ಬಸ್ಸು ನಿಂತಾಗ ಅವಳು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ದಿಗಂಡಿ, ಇಳೀರಿ, ಬಸ್ಸು ರಾಯದುರ್ಗಕ್ಕೆ ಹೋಗ್ಬೇಕು," ಎಂದು ಕಂಡಕ್ಟರ್ ಅವಸರ ಮಾಡಿದ. ನಾನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ.

ತಂಗಿ ಚಿತ್ರ ಸುತ್ತಿಟ್ಟ ದಿನದ ಸಂಜೆ ಅವ್ವ ಅವಳಿಗೆ ಹೇಳಿದಳು, "ನಿಮ್ಮ ಮಾವ ಫೋನ್ ಮಾಡಿದ್ದ. ನಿನ್ನ ಮಗಳನ್ನೂ ಕರ್ಕೊಂಡು ಮೊಳಕಾಲ್ಮೂರಲ್ಲಿ ಹತ್ತು ದಿನ ಇದ್ದು ಬರ್ತೀನಿ. ಅಲ್ಲಿ ಆಡಾಕೆ ಮಕ್ಕಳವೆ."

"ಬ್ಯಾಡ. ಅವಳು ಅಲ್ಲಿಗೆ ಹೋಗಲ್ಲ."

"ಯಾಕೆ? ನೀನು ಹೋಗ್ತಿರಲಿಲ್ವಾ?"

"ಹೋಗಲ್ಲ ಅಂದಿದ್ದೆ. ಯಾಕೆ ಅಂತಾನೂ ಹೇಳಿದ್ದೆ."

"ಯಾವಾಗ ಹೇಳ್ದೆ? ನಂಗೇನು ಹೇಳಿಲ್ಲ ನೀನು."

"ಅಣ್ಣನ್ನ ಕೇಳು. ಅವನೂ ಇದ್ದ."

ಇಬ್ಬರೂ ನನ್ನ ಕಡೆ ತಿರುಗಿದರು. ತಂಗಿ ಅಷ್ಟು ವರ್ಷಗಳಲ್ಲಿ ನನ್ನಿಂದ ಕೇಳಿದ್ದು ಅದೊಂದೇ. ನಾನು ಹೂಂ ಎಂದಿದ್ದರೆ ಸಾಕಿತ್ತು.

"ನಂಗೆ ಸರಿಯಾಗಿ ನೆನಪಿಲ್ಲ," ಎಂದೆ. "ಏನೋ ಹೇಳಿದ್ಲು. ಭಾಳ ವರ್ಷ ಆತಲ್ಲ."

"ನೋಡು," ಎಂದಳು ಅವ್ವ. "ಓದಿದೋನೇ ಹೇಳ್ತಿದಾನೆ."

ತಂಗಿ ಮಗಳ ಬಟ್ಟೆಗಳನ್ನು ಮತ್ತೆ ಬ್ಯಾಗಿಗೆ ತುಂಬಿ ಹೊರಟಳು. ನಾನು ಸ್ವಲ್ಪ ತಡೆದು ಬಸ್‌ಸ್ಟ್ಯಾಂಡಿಗೆ ಹೋದೆ. ಅವರು ಬಸ್ಸು ಹತ್ತಿ ಕೂತಾಗಿತ್ತು. ಮಗು ಮುಂದಿನ ಸೀಟಿನ ಕಂಬಿಗೆ ಗಲ್ಲ ಊರಿಕೊಂಡಿತ್ತು. ಕಿಟಕಿಯ ಹೊರಗೆ ನಿಂತು, "ನೀನು ಹೇಳಿದ್ದು ಅವತ್ತು ನಂಗೆ ಕೇಳಿಸಿತ್ತು," ಎಂದೆ.

"ಗೊತ್ತು," ಎಂದಳು. "ಕೇಳಿಸ್ದೆ ಇದ್ರೆ ನೀನು ನಗ್ತಿರ್ಲಿಲ್ಲ."

ಅವಳು ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಇದನ್ನ ಇಲ್ಲಿ ನಿಂತು ನಂಗೆ ಹೇಳಿ ಏನ್ ಬಂತಣ್ಣ? ಅವ್ವನ ಮುಂದೆ ಹೇಳು. ನನ್ನ ಮಗಳನ್ನ ನಾನು ಯಾರನ್ನ ನಂಬಿ ಬಿಡ್ಲಿ?"

ಮನೆಗೆ ಬಂದೆ. ಅವ್ವ ಶೇಂಗಾ ಸುಲಿಯುತ್ತಿದ್ದಳು. ಅವಳ ಮುಂದೆ ಕೂತು ಹೇಳಿದೆ. ತಂಗಿ ಅವತ್ತು ಹೇಳಿದ್ದಳು, ನಾವಿಬ್ಬರೂ ಕೇಳಿಸಿಕೊಂಡೆವು, ನಕ್ಕೆವು, ನಾನೇ ಅವಳನ್ನು ಒಯ್ದು ಬಿಟ್ಟು ಬಂದೆ ಎಂದೆ. ಅವ್ವ ತಲೆ ಎತ್ತಲಿಲ್ಲ. ಮೊರದಲ್ಲಿ ಸಿಪ್ಪೆಯೂ ಬೀಜವೂ ಕಲೆತುಹೋಗುವಂತೆ ಕೈಯಾಡಿಸುತ್ತಾ ಇದ್ದಳು. ಹಾಗೆಯೇ ಅಂದಳು, "ರೊಟ್ಟಿ ತಟ್ತಿದ್ದೆ ನಾನು ಆವಾಗ."

ರೊಟ್ಟಿಯ ಮಾತನ್ನು ನಾನು ಎತ್ತಿರಲಿಲ್ಲ.

ಅವ್ವ ಮೊಳಕಾಲ್ಮೂರಿಗೆ ಹೋಗಲಿಲ್ಲ. ತಂಗಿಗೆ ಫೋನ್ ಮಾಡಿದವಳೂ ಅವ್ವನೇ. ಏನು ಮಾತಾಡಿದರೋ ಗೊತ್ತಿಲ್ಲ, ನಾನು ಹೊರಗೆ ಹೋಗಿದ್ದೆ. ಮುಂದಿನ ವಾರ ತಂಗಿ ಮಗಳನ್ನು ಬಿಟ್ಟುಹೋದಳು. ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ.

ಮಗುವಿಗೆ ನಾನೂ ಮಾವನೇ. ಅಲ್ಲಿಯವರೆಗೆ ಅದು ಬಂದಾಗಲೆಲ್ಲ ಜಡೆ ಹಿಡಿದು, "ನನ್ನ ಕಟ್ಕೊಂತೀಯೇನೇ?" ಎಂದು ಕಾಡಿಸುತ್ತಿದ್ದೆ. ಆಗ ಅದು ಮೈ ಬಿಗಿಹಿಡಿದು ನಿಲ್ಲುತ್ತಿತ್ತು. ಅದನ್ನು ನಾಚಿಕೆ ಎಂದುಕೊಂಡಿದ್ದೆ. ಈ ಸಲ ಸುಮ್ಮನೆ ಬಾಗಿಲು ಬಿಟ್ಟು ಸರಿದು ನಿಂತೆ.

ಮಧ್ಯಾಹ್ನ ಅದೇ ಬಟ್ಟೆಯ ಸುರುಳಿ ಬಿಚ್ಚಿಕೊಂಡು ಕೇಳಿತು, "ಮಾವ, ಇವನು ಯಾರು?"

"ತಪ್ಪಾಗಿ ಬರೆಸಿದ್ದು ಅದು. ಅಲ್ಲಿ ನಿನಗೆ ಗುರುತಿರೋನು ಇರಬೇಕಿತ್ತು."

"ನಿನ್ನಂಗಾ?"

"ಹೂಂ," ಎಂದೆ. "ನನ್ನಂಗೆ. ಯಾರೇ ಆಗ್ಲಿ, ನಿಂಗೆ ಬ್ಯಾಡ ಅನ್ಸಿದ್ರೆ ಬಂದು ಹೇಳ್ಬೇಕು."

ಮಗು ನನ್ನನ್ನು ನೋಡಿತು, ಒಳಗೆ ಒಲೆಯ ಮುಂದಿದ್ದ ಅಜ್ಜಿಯನ್ನು ನೋಡಿತು. "ಯಾರಿಗೆ ಹೇಳ್ಲಿ?"

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅವ್ವನ ದನಿ ಬಂತು. "ನಂಗೆ ಹೇಳೇ. ಹಿಟ್ಟಿನ ಕೈಯಾಗಿದ್ರೂ ಎದ್ದು ಬಂದು ಕೇಳ್ತೀನಿ."