ಗುಲಬರ್ಗಾ ಬಿಟ್ಟು ಓಡಿ ಬಂದವಳು

ಬಿ.ಎಸ್ಸಿ. ಮೊದಲ ವರ್ಷದ ಪರೀಕ್ಷೆ ಮುಗಿಸಿ ಗುಲಬರ್ಗಾದಿಂದ ಗಜೇಂದ್ರಗಡಕ್ಕೆ ಬಂದ ದಿನ ನೋಡಿದರೆ, ಅವ್ವ ಎಡಗೈಯಿಂದ ರೊಟ್ಟಿ ಬಡಿಯುತ್ತಿದ್ದಳು. ಬಲಗೈ ಮಣಿಕಟ್ಟು ಸೊಟ್ಟಗೆ ಕೂತಿತ್ತು. ಎರಡು ತಿಂಗಳ ಹಿಂದೆ ಕೊಡ ಹೊತ್ತು ಬರುವಾಗ ಜಾರಿ ಬಿದ್ದಿದ್ದಳಂತೆ. ಎಲುಬು ಕೂಡಿಸುವವರ ಹತ್ತಿರ ಹೋಗಿ ಕಟ್ಟು ಹಾಕಿಸಿಕೊಂಡು ಬಂದಿದ್ದರಂತೆ. ಹಾಸ್ಟೆಲ್ಲಿನಲ್ಲಿ ಫೋನ್ ಇತ್ತು, ನನಗೆ ಒಂದು ಮಾತೂ ತಿಳಿಸಿರಲಿಲ್ಲ.

“ಪರೀಕ್ಷಾ ಇದ್ದುವಲ್ಲ ನಿನಗ” ಅಂದಳು. ನನಗೆ ಮೈಯೆಲ್ಲ ಉರಿಯಿತು. ಪರೀಕ್ಷೆಯಂತೆ ಪರೀಕ್ಷೆ.

ನಮ್ಮದು ಕೈಮಗ್ಗದ ಮನೆ. ಅಪ್ಪ ಸೀರೆ ನೇಯುತ್ತಿದ್ದ. ನಮ್ಮ ಸೀರೆಯ ಒಡಲಿನ ನೂಲು ಬೇರೆ, ಸೆರಗಿನ ನೂಲು ಬೇರೆ. ಪ್ರತಿ ಸೀರೆಗೂ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸಬೇಕು. ಸಾವಿರಾರು ಎಳೆ. ಹೆಬ್ಬೆರಳಿನಲ್ಲಿ ಜೋರಿಲ್ಲದಿದ್ದರೆ ಕುಣಿಕೆ ಸಡಿಲಾಗಿ ಸೆರಗೇ ಬಿಟ್ಟು ಬರುತ್ತದೆ. ಇಷ್ಟು ವರ್ಷ ಅದು ಅವ್ವನ ಕೆಲಸ. ಆ ಎರಡು ತಿಂಗಳು ಬಾಜೂ ಮನೆಯ ಅಕ್ಕ ತನ್ನ ಮನೆಯ ಕೆಲಸ ಮುಗಿಸಿ ಬಂದು ಕೂಡಿಸಿಕೊಟ್ಟಿದ್ದಳು.

ನನ್ನನ್ನು ನೋಡಿದ ಕೂಡಲೇ ಆ ಅಕ್ಕ ನಕ್ಕಳು. “ಬಂದೇನ ನನ್ನವ್ವಾ? ಇನ್ನ ನಾ ಪಾರಾದೆ ನೋಡು.”

ಅವಳು ಚೇಷ್ಟೆಗೆ ಅಂದದ್ದು. ನನ್ನ ಎದೆ ಮಾತ್ರ ಧಸಕ್ಕೆಂದಿತು. ಆಕೆ ಹತ್ತನೆಯ ತರಗತಿಯಲ್ಲಿದ್ದಾಗ ಮನೆಯಲ್ಲಿ ಅಡಚಣೆಯೆಂದು ಒಂದೇ ಒಂದು ವರ್ಷಕ್ಕೆ ಸಾಲಿ ಬಿಟ್ಟು ಮಗ್ಗದ ಕೆಲಸಕ್ಕೆ ಕೂತವಳು. ಆ ಒಂದು ವರ್ಷ ಹನ್ನೆರಡು ವರ್ಷವಾದರೂ ಮುಗಿದಿರಲಿಲ್ಲ. ಎತ್ತಿಟ್ಟುಕೊಂಡಿದ್ದ ಪುಸ್ತಕಗಳನ್ನು ನಾನು ಹತ್ತನೆಯ ತರಗತಿಗೆ ಬಂದಾಗ ನನಗೇ ಕೊಟ್ಟಿದ್ದಳು. ರಜೆಯ ತುಂಬ ನಾನು ಸೆರಗು ಕೂಡಿಸುತ್ತ ಕೂತಾಗಲೆಲ್ಲ ಅವಳ ಬೆನ್ನು ನನ್ನ ಕಣ್ಣಿಗೆ ಕಟ್ಟುತ್ತಿತ್ತು. ಕೂತು ಕೂತು ಅದು ಮುಂದಕ್ಕೆ ಬಾಗಿಬಿಟ್ಟಿತ್ತು.

ನನ್ನನ್ನು ಯಾರೂ ‘ಇಲ್ಲೇ ಇರು’ ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಗುಲಬರ್ಗಾಕ್ಕೆ ಹೋದರೆ ಮಗ್ಗ ನಿಲ್ಲುತ್ತದೆ. ಓದು ಬಿಟ್ಟರೆ ನಾನು ನಿಲ್ಲುತ್ತೇನೆ. ಉಳಿದದ್ದು ಒಂದೇ ದಾರಿ, ದಿನಾ ಮನೆಯಿಂದ ಹೋಗಿಬರುವಂಥ ಕಾಲೇಜಿಗೆ ವರ್ಗ ಮಾಡಿಸಿಕೊಳ್ಳುವುದು. ನನ್ನ ವಿಷಯಗಳು ಊರಲ್ಲೂ ಸಿಗಲಿಲ್ಲ, ರೋಣದಲ್ಲೂ ಸಿಗಲಿಲ್ಲ. ರೋಣದಲ್ಲಿ ಬಿ.ಎ.ಗೆ ಬಾ ಅಂದರು, ಅಂದರೆ ಮತ್ತೆ ಮೊದಲಿನಿಂದ. ನರಗುಂದದಲ್ಲಿ ಇವೆ ಅಂತ ಯಾರೋ ಹೇಳಿದರು. ರೋಣದಲ್ಲಿ ಬಸ್ ಬದಲಿಸಿ ಹೋಗಬೇಕು; ಮಳೆಗಾಲದಲ್ಲಿ ಹಳ್ಳ ಬಂದರೆ ಅದೂ ಇಲ್ಲ. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಆ ಕಾಲೇಜು ಧಾರವಾಡದ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ನಾನು ಓದಿದ್ದು ಬೇರೆಯದರಲ್ಲಿ. ಅಲ್ಲಿ ಪಾಠ ಬೇರೆ, ಪರೀಕ್ಷೆಯ ಪದ್ಧತಿ ಬೇರೆ.

ಅಪ್ಪ ಒಗೆದ ಅಂಗಿ ಹಾಕಿಕೊಂಡು ನನ್ನ ಜೊತೆ ನರಗುಂದಕ್ಕೆ ಬಂದ. ಆಫೀಸಿನ ಗುಮಾಸ್ತರು ನನ್ನ ಅಂಕಪಟ್ಟಿ ತಿರುಗಿಸಿ ತಿರುಗಿಸಿ ನೋಡಿದರು.

“ಅಲ್ಲಿಂದ ಟಿ.ಸಿ., ಮೈಗ್ರೇಶನ್ ಎರಡೂ ಬಿಡಿಸ್ಕೊಂಡ ಬರ್ರಿ. ನಾವು ಧಾರವಾಡಕ್ಕ ಕಳಸ್ತೀವಿ. ಅವ್ರು ಹೂಂ ಅಂದ್ರ ಎರಡನೇ ವರ್ಷಕ್ಕ ತೊಗೊಂತೀವಿ.”

“ಇಲ್ಲ ಅಂದ್ರರಿ?” ಅಂದೆ.

“ಮತ್ತ ಮೊದಲನೇ ವರ್ಷ. ಅದೂ ಸೀಟ್ ಉಳದಿದ್ರ.”

ಟಿ.ಸಿ. ಬಿಡಿಸಿಕೊಂಡರೆ ಗುಲಬರ್ಗಾದ ಹಾಸ್ಟೆಲ್ ಅವತ್ತೇ ಹೋಯಿತು. ತಿರುಗಿ ಬರುತ್ತೇನೆ ಅಂದರೆ ಯಾರು ಕೇಳುತ್ತಾರೆ?

ಅಪ್ಪ ಅಲ್ಲಿ ಒಂದು ಎಡವಟ್ಟು ಮಾಡಿದ. ನೇಕಾರರನ್ನು ಬಿಟ್ಟು ಬೇರೆ ಯಾರೂ ಹಾಗೆ ಕೇಳಲಾರರು. “ಸಾಹೇಬ್ರ, ಹೊಸಾ ಹಾಸಿನ ಎಳಿ ಕೂಡಿಸೂತನಕಾ ಹಳೀ ಹಾಸಿನ ತುದಿ ನಾವು ಮಗ್ಗದಾಗಿಂದ ತಗಿಯೂದಿಲ್ರಿ. ತಗದ್ರ ಎಲ್ಲಾ ಎಳಿ ಮತ್ತ ಹೊಸದಾಗಿ ಪೋಣಸ್ಬೇಕಾಗತೈತಿ. ನೀವು ಮೊದಲ ತೊಗೊಂತೀವಿ ಅಂತ ಬರದ ಕೊಡ್ರಿ, ಆಮ್ಯಾಲ ನಾವು ಅಲ್ಲಿದು ಬಿಡಸ್ತೀವಿ.”

“ಯಜಮಾನ್ರ, ಇದು ಮಗ್ಗ ಅಲ್ರಿ” ಅಂದರು ಗುಮಾಸ್ತರು. “ಇಲ್ಲಿ ಮೊದಲ ಕತ್ತರಿಸ್ಕೊಂಡ ಬರಬೇಕು.”

ಸಾಲಿನಲ್ಲಿ ನಿಂತ ಹುಡುಗರು ನಕ್ಕರು. ನನಗೆ ನಾಚಿಕೆಯಾಯಿತು, ಅಪ್ಪನ ಮೇಲೇ ಸಿಟ್ಟು ಬಂತು. ಆದರೆ ಅವನು ಕೇಳಿದ್ದೇ ಸರಿ ಅಂತ ನನ್ನ ಹೊಟ್ಟೆಯೊಳಗಿನ ಅಂಜಿಕೆಗೆ ಗೊತ್ತಿತ್ತು. ರೋಣದಲ್ಲಿ ಅಪ್ಪ ಗಜೇಂದ್ರಗಡದ ಬಸ್ಸಿನಲ್ಲಿ ನನಗೆ ಸೀಟು ಹಿಡಿದ. ಆಮೇಲೆ, “ಬ್ಯಾಡ. ಇದ್ದಲ್ಲೇ ಓದು. ಮಗ್ಗದ್ದು ನಾ ನೋಡ್ಕೋತೀನಿ” ಅಂದ. ಏನು ನೋಡಿಕೊಳ್ಳುತ್ತೀ ಅಂತ ಕೇಳುವ ಧೈರ್ಯ ನನಗಾಗಲಿಲ್ಲ.

ಮನೆಗೆ ಬಂದರೆ ಅವ್ವ ಬಾಗಿಲಲ್ಲೇ ನಿಂತಿದ್ದಳು, ಮುಖ ಅರಳಿತ್ತು. ನಾವು ನರಗುಂದಕ್ಕೆ ಹೋಗಿದ್ದ ಆ ಒಂದು ದಿನದಲ್ಲಿ ಪೂರ್ತಿ ಸೆರಗು ಒಬ್ಬಳೇ ಕೂಡಿಸಿದ್ದಳು. “ನೋಡು, ಕೈ ಹ್ಯಾಂಗ ಆರಾಮ ಆಗೈತಿ. ಸುಮ್ಮನ ಹೋಗು ನೀ ಗುಲಬರ್ಗಾಕ್ಕ.”

ನನಗಾದ ಸಂತೋಷ ಹೇಳಿಕೊಳ್ಳಲು ಇವತ್ತಿಗೂ ನಾಚಿಕೆ. ಅವಳ ಕೈ ಗುಣವಾದದ್ದಕ್ಕಲ್ಲ, ನಾನು ಪಾರಾದೆನಲ್ಲ ಅಂತ. ಅವತ್ತೇ ಟ್ರಂಕು ತುಂಬಿದೆ.

ಮರುದಿನ ಅವ್ವ ಸೊಟ್ಟ ಕೈಯ ಪ್ರತಾಪ ತೋರಿಸಲು ರಾಜೂರಿನಲ್ಲಿದ್ದ ತನ್ನ ಅಕ್ಕನ ಮನೆಗೆ ಹೋದಳು. ಅಪ್ಪ ನೂಲು ತರಲು ಪೇಟೆಗೆ ಹೋಗಿದ್ದ. ನಾನೊಬ್ಬಳೇ. ಮಗ್ಗದ ಹತ್ತಿರ ಹೋಗಿ, ಅವ್ವ ಕೂಡಿಸಿದ್ದರ ಮೇಲೆ ಸುಮ್ಮನೆ ಬೆರಳಾಡಿಸಿದೆ. ಒಂದು ಎಳೆ ಕೈಗೆ ಬಂತು. ಪಕ್ಕದ್ದನ್ನು ಮುಟ್ಟಿದೆ, ಅದೂ ಬಂತು. ಮೊದಲಿನ ಒಂದು ಗೇಣು ಬಿಗಿಯಾಗಿತ್ತು. ಆಮೇಲೆ ಅವಳ ಹೆಬ್ಬೆರಳು ಸೋತಿತ್ತು. ಸೋತ ಮೇಲೂ ಕೂಡಿಸುತ್ತಲೇ ಹೋಗಿದ್ದಳು, ಕೊನೆಯ ಎಳೆಯವರೆಗೂ.

ನಾನು ಅಲ್ಲೇ ನಿಂತೆ. ನಾಳೆ ಬೆಳಗಿನ ಬಸ್ಸಿಗೆ ನಾನು ಹೊರಡುವವಳು. ಸುಮ್ಮನಿದ್ದುಬಿಟ್ಟರೆ ಸಾಕು, ಸೆರಗು ಬಿಚ್ಚುವ ಹೊತ್ತಿಗೆ ನಾನು ಹಾಸ್ಟೆಲ್ಲಿನಲ್ಲಿರುತ್ತೇನೆ. ಸುಳ್ಳು ಯಾಕೆ ಹೇಳಲಿ, ಆ ವಿಚಾರ ನನಗೆ ಬಂದಿತ್ತು. ಭಾಳ ಹೊತ್ತು ಇತ್ತು ಕೂಡ.

ಆಮೇಲೆ ಕೂತೆ. ಸಡಿಲಾದದ್ದನ್ನೆಲ್ಲ ಬಿಚ್ಚಿ ಒಂದೊಂದೇ ಎಳೆ ಮತ್ತೆ ಕೂಡಿಸಿದೆ. ಎಷ್ಟೋ ಸಲ ತಪ್ಪಿತು. ಊಟದ ಹೊತ್ತು ದಾಟಿತು. ಇನ್ನೂ ಒಂದು ಗೇಣು ಉಳಿದಿರುವಾಗ ಅಪ್ಪ ಬಂದ. ಬೆನ್ನ ಹಿಂದೆ ನಿಂತು ನೋಡಿದ. ಎದುರಿಗೆ ಬಂದು ಕೂತು ಎಳೆ ಎತ್ತಿಕೊಡತೊಡಗಿದ.

ಮುಗಿದ ಮೇಲೆ, “ನಿಮ್ಮವ್ವಗ ಹೇಳಬ್ಯಾಡ” ಅಂದ.

“ಇಲ್ಲ.”

“ಮತ್ತ ಏನ್ ಮಾಡ್ತಿ?”

“ನರಗುಂದ” ಅಂದೆ.

“ಅಂಜಿಕಿ ಬರೂದಿಲ್ಲೇನ?”

“ಭಾಳ ಬರತೈತಿ ಅಪ್ಪಾ.”

“ನನಗೂ” ಅಂದ.

ಮರುದಿನ ಅದೇ ಬಸ್ಸಿಗೆ ಹೋದೆ, ಟ್ರಂಕು ಬಿಟ್ಟು. ಗುಲಬರ್ಗಾದ ಆಫೀಸಿನಲ್ಲಿ ಟಿ.ಸಿ. ಪುಸ್ತಕದ ಹಾಳೆಗೆ ಸ್ಕೇಲ್ ಇಟ್ಟು ಪರ್ರೆಂದು ಹರಿದು ಕೊಟ್ಟರು. ದಾರಿಯುದ್ದಕ್ಕೂ ಚೀಲವನ್ನು ಎದೆಗೆ ಅವಚಿಕೊಂಡೇ ಕೂತಿದ್ದೆ. ಆ ಹೊತ್ತಿಗೆ ನಾನು ಯಾವ ಕಾಲೇಜಿನವಳೂ ಅಲ್ಲ.

ಧಾರವಾಡದಿಂದ ಉತ್ತರ ಬರಲು ಎರಡು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಕ್ಲಾಸಿನಲ್ಲಿ ಕೂತಿರು ಅಂದರು ನರಗುಂದದ ಗುಮಾಸ್ತರು. ಕಡೆಯ ಬೆಂಚಿನಲ್ಲಿ ಕೂರುತ್ತಿದ್ದೆ. ಹಾಜರಿ ಕೂಗುವಾಗ ಎಲ್ಲರ ಹೆಸರು ಬರುತ್ತಿತ್ತು, ನನ್ನದು ಬರುತ್ತಿರಲಿಲ್ಲ. ಸಂಜೆ ಬಸ್ಸಿಳಿದು ಮನೆಗೆ ಬಂದರೆ ಅಪ್ಪ ಮುಖ ನೋಡುತ್ತಿದ್ದ, ನಾನು ತಲೆ ಅಲ್ಲಾಡಿಸುತ್ತಿದ್ದೆ. ಕೊನೆಗೊಂದು ದಿನ ಗುಮಾಸ್ತರೇ ಕ್ಲಾಸಿಗೆ ಬಂದು, ಎರಡನೇ ವರ್ಷಕ್ಕೆ ಒಪ್ಪಿದ್ದಾರೆ, ಮೊದಲನೇ ವರ್ಷದ ಎರಡು ವಿಷಯ ಮತ್ತೆ ಬರೆಯಬೇಕು ಅಂದರು. ರೋಣದ ಬಸ್ ಸ್ಟ್ಯಾಂಡಿನಲ್ಲಿ ಕೂತು ಮನಸಾರೆ ಅತ್ತೆ.

ಅವ್ವನಿಗೆ ಮಾತ್ರ ಇದು ಯಾವುದೂ ಅರ್ಥವಾಗಲಿಲ್ಲ. “ನನ್ನ ಕೈ ಆರಾಮ ಆಗಿತ್ತಲ್ಲ, ಮತ್ಯಾಕ ಬಂದಿ?” ಅಂತ ಕೇಳಿದಳು. ಹಾಸ್ಟೆಲ್ಲಿನಲ್ಲಿ ಒಬ್ಬಳೇ ಇರಲು ಅಂಜಿಕೆ ಬಂತು ಅಂದೆ. ನಂಬಿದಳು. ಬಂದೇ ಬಂದೀಯಲ್ಲ, ಸೆರಗು ನೀನೇ ಕೂಡಿಸು ಅಂತ ತಾನು ಒಲೆಯ ಮುಂದೆ ಕೂತಳು. ಓದು ಮುಗಿಯಿತು, ನೌಕರಿಯೂ ಸಿಕ್ಕಿತು. ಆದರೂ ಮನೆಗೆ ಯಾರೇ ಬರಲಿ, ಅವ್ವ ನನ್ನನ್ನು ತೋರಿಸಿ ಒಂದು ಸಲ ಹೇಳಲೇಬೇಕು.

“ಭಾಳ ಅಂಜುಬುರುಕಿ ರೀ ಇಕಿ. ಮುರದ ಕೈಲೆ ನಾ ಇಡೀ ಸೆರಗ ಕೂಡ್ಸಿ ತೋರ್ಸಿದೆ, ಆದರೂ ಗುಲಬರ್ಗಾ ಬಿಟ್ಟು ಓಡಿ ಬಂದ್ಲು.”

“ಹೌದ್ರಿ, ಅಂಜಿ ಬಂದೆ” ಅನ್ನುತ್ತೇನೆ ನಾನು. ಅಪ್ಪ ಬದುಕಿದ್ದ ತನಕ, ಆ ಮಾತು ಬಂದಾಗಲೆಲ್ಲ ಒಳಗೆ ಮಗ್ಗದ ಸದ್ದು ಒಂದು ಗಳಿಗೆ ನಿಲ್ಲುತ್ತಿತ್ತು.